ಪರದೆ ಕಪ್ಪಗಿದ್ದ ಎರಡು ಗಂಟೆ

ಪ್ರಶ್ನೆ: ನನಗೆ 41 ವರ್ಷ. ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಳೆ ಕಂಪ್ಯೂಟರ್ ಕೆಟ್ಟಿತು. ಹೊಸದನ್ನು ನಾನೇ ಜೋಡಿಸೋಣ ಅಂತ ರೈಜೆನ್ 5 5600ಜಿ ಪ್ರೊಸೆಸರ್, ಎಲ್ಲ ಭಾಗಗಳನ್ನು ಕೂರಿಸುವ ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಉಳಿದದ್ದೆಲ್ಲ ತರಿಸಿದೆ. ಹತ್ತು ದಿನದಿಂದ ಪೆಟ್ಟಿಗೆಗಳು ಮಂಚದ ಕೆಳಗಿವೆ. ಒಂದು ಪಿನ್ ಬಗ್ಗಿದರೆ ದುಡ್ಡೆಲ್ಲ ಹೋಯಿತಲ್ಲ ಅಂತ ಕೈ ನಡುಗುತ್ತದೆ. ‘ಸುಮ್ನೆ ಅಂಗಡಿಯವರಿಗೆ ಕೊಡು, ನಿನಗ್ಯಾಕೆ ಇದೆಲ್ಲ’ ಅನ್ನುತ್ತಾರೆ ಮನೆಯವರು. ಕೊಟ್ಟುಬಿಡಲಾ?
– ಓದುಗರೊಬ್ಬರು, ಕಾಪು

ಉತ್ತರ: ಕೊಡಬೇಡಿ.

ನಾನು ಮೊದಲ ಕಂಪ್ಯೂಟರ್ ಜೋಡಿಸಿದ್ದು ಮಂಗಳೂರಿನ ಬಿಜೈಯಲ್ಲಿ, ನಮ್ಮ ಊಟದ ಮೇಜಿನ ಮೇಲೆ. ಆಗ ನನಗೂ ನಲವತ್ತು ದಾಟಿತ್ತು. ಎಲ್ಲ ಮುಗಿಸಿ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಎದೆ ಧಸಕ್ ಅಂತು. ಎರಡು ಗಂಟೆ ಹುಡುಕಿದೆ. ಬೋರ್ಡಿನ ಅಂಚಿನಲ್ಲಿ ಒಂದು ಪುಟ್ಟ ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ‘ಡಿ-ರ‍್ಯಾಮ್’ ಅಂತ ಬರೆದಿತ್ತು. ಬೋರ್ಡಿನ ಜೊತೆ ಬಂದ ಪುಸ್ತಕ ತೆಗೆದು ಓದಿದೆ. ರ‍್ಯಾಮಿನಲ್ಲಿ ಏನೋ ತೊಂದರೆ ಅಂತ ಆ ದೀಪದ ಅರ್ಥ. ಟಾರ್ಚ್ ಹಿಡಿದು ನೋಡಿದರೆ ರ‍್ಯಾಮಿನ ಒಂದು ತುದಿ ಸ್ವಲ್ಪವೇ ಮೇಲಿತ್ತು. ಮುರಿದೀತು ಅಂತ ಹೆದರಿ ನಾನೇ ಪೂರ್ತಿ ಒತ್ತಿರಲಿಲ್ಲ. ನನಗೆ ಧೈರ್ಯ ಬಂದದ್ದು ಆ ದೀಪ ಏನು ಹೇಳುತ್ತಿದೆ ಅಂತ ತಿಳಿದ ಹೊತ್ತಿನಲ್ಲಿ. ಪರದೆ ಆಮೇಲೆ ಬಂತು.

ಹೆದರಿದ ಕೈ ಎಲ್ಲ ಕಡೆ ಮೆಲ್ಲಗೇ ಹೋಗುತ್ತದೆ. ಆದರೆ ಒಂದೊಂದು ಭಾಗಕ್ಕೂ ಒಂದೊಂದು ರೀತಿ ಇದೆ ಮಾರಾಯ್ರೆ. ನಿಮ್ಮ ಪ್ರೊಸೆಸರಿನ ಅಡಿಯಲ್ಲಿ 1331 ಪಿನ್ ಇವೆ. ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ಟಿನ ಲಿವರ್ ಎತ್ತಿ, ಮೂಲೆಯ ತ್ರಿಕೋನಕ್ಕೆ ತ್ರಿಕೋನ ಹೊಂದಿಸಿ, ಹಗುರವಾಗಿ ಇಡಿ. ತಾನೇ ಕೂರುತ್ತದೆ. ಕೂರದಿದ್ದರೆ ಎತ್ತಿ ಮತ್ತೆ ಇಡಿ, ಒತ್ತಲೇಬೇಡಿ. ರ‍್ಯಾಮ್ ಇದಕ್ಕೆ ತದ್ವಿರುದ್ಧ. ಅದರ ಅಂಚಿನ ಕಚ್ಚು ಸ್ಲಾಟಿಗೆ ಸರಿಯಾಗಿ ಹೊಂದಿದೆಯಾ ನೋಡಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಟಕ್ ಅನ್ನುವವರೆಗೆ ಒತ್ತಿ. ಬೋರ್ಡ್ ಸ್ವಲ್ಪ ಬಾಗಿದ ಹಾಗೆ ಕಾಣುತ್ತದೆ, ಭಯ ಬೇಡ. 24 ಪಿನ್ನಿನ ದಪ್ಪ ಪವರ್ ಕೇಬಲ್ಲಿಗೂ ಹೀಗೇ ಬಲ ಬೇಕು. ಪ್ರೊಸೆಸರಿಗೇ ಅಂತ ಬೋರ್ಡಿನ ಮೇಲ್ಭಾಗದಲ್ಲಿ ಇನ್ನೊಂದು ಪವರ್ ಕೇಬಲ್ ಹಾಕಬೇಕು. ಮೊದಲ ಸಲ ಮರೆಯುವುದು ಅದನ್ನೇ ಜಾಸ್ತಿ.

ಬಟನ್ನಿನ ಸಣ್ಣ ವಯರುಗಳನ್ನು ಪುಸ್ತಕ ನೋಡಿ ಸಿಕ್ಕಿಸಿ. ಪವರ್ ಸ್ವಿಚ್ಚಿನದ್ದು ತಿರುಗುಮುರುಗಾದರೂ ಏನೂ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆಯೇ ಶುರು ಮಾಡಿ, ಗುಡುಗು ಸಿಡಿಲಿನ ಸಂಜೆ ಬೇಡ. ನಮ್ಮೂರ ಸೆಕೆಗೆ ಕೈ ಬೆವರುತ್ತದೆ ಅಲ್ವಾ, ಪಕ್ಕದಲ್ಲೊಂದು ಬೈರಾಸು ಇರಲಿ. ನಡುನಡುವೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಇಳಿಯಲಿ. ಮೊದಲ ಸಲ ಆನ್ ಆಗದಿದ್ದರೆ ಹುಡುಕುವುದಕ್ಕೆ ಅಂತಲೇ ಮಧ್ಯಾಹ್ನ ಖಾಲಿ ಇಟ್ಟುಕೊಳ್ಳಿ.

ಮೊದಲು ಕಾಣುವುದು ವಿಂಡೋಸ್ ಅಲ್ಲ, ಬಯಾಸ್, ಅಂದರೆ ಮದರ್‌ಬೋರ್ಡಿನದ್ದೇ ಸೆಟ್ಟಿಂಗ್ ಪರದೆ. ಅಲ್ಲಿ ರ‍್ಯಾಮ್ 16 ಜಿಬಿ ಅಂತ ಇದೆಯಾ ನೋಡಿ. 8 ಅಂತ ತೋರಿಸಿದರೆ ಅಂಗಡಿಗೆ ಓಡಬೇಡಿ. ಪ್ಲಗ್ ತೆಗೆದು, ಟಾರ್ಚ್ ತನ್ನಿ. ಎಲ್ಲಿ ನೋಡಬೇಕು ಅಂತ ನಿಮಗೀಗ ಗೊತ್ತು.