ಟೊರೊಂಟೊದ ಯುವಕೇಂದ್ರದಲ್ಲಿ ಕಪ್ಪು ಜನಾಂಗದ ಯುವಜನರ ಮಾನಸಿಕ ಆರೈಕೆಗೆ ಸಿಬ್ಬಂದಿಯನ್ನು ಸಜ್ಜುಗೊಳಿಸಲು ಯಾವ ಎರಡು ದಿನಗಳ ಕೋರ್ಸ್ ಒಳ್ಳೆಯದು? ಕಳುಹಿಸಬೇಕಾದವರ ಪಟ್ಟಿಯಲ್ಲಿ ನಮ್ಮ ಆಪ್ತಸಮಾಲೋಚಕರೆಲ್ಲ ಇದ್ದಾರೆ.

ಯಾವ ಕೋರ್ಸ್ ಎಂಬುದಕ್ಕಿಂತ ಮೊದಲು ಯಾರಿಗೆ ಎಂದು ಕೇಳಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಇರುವವರೆಲ್ಲ ಆಪ್ತಸಮಾಲೋಚಕರೇ. ಇದೇ ನಗರದ ಒಂದು ಕೇಂದ್ರದಲ್ಲಿ ತರಬೇತಿಯ ಹೊಣೆ ಹೊತ್ತಿದ್ದಾಗ ನಾನು ಸಿದ್ಧಪಡಿಸಿದ ಪಟ್ಟಿಯೂ ಹೀಗೆಯೇ ಇತ್ತು.

ತರಬೇತಿಯೇನೋ ಚೆನ್ನಾಗಿ ನಡೆಯಿತು. ಆದರೆ ಹುಡುಗರು ಸಮಾಲೋಚಕರ ಕೋಣೆಯವರೆಗೆ ಬರಲೇ ಇಲ್ಲ. ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ ಬ್ಯಾಗ್ ತೆರೆಸುತ್ತಿದ್ದ. ಒಳಗೆ ಕೊಡುತ್ತಿದ್ದ ಅರ್ಜಿಯ ಮೊದಲ ಪುಟದಲ್ಲೇ, ಹಿಂದೆ ಪೊಲೀಸರು ವಿಚಾರಿಸಿದ್ದರೇ, ಮಕ್ಕಳ ರಕ್ಷಣಾ ಸಂಸ್ಥೆಯವರು ಮನೆಗೆ ಬಂದಿದ್ದರೇ ಎಂಬ ಪ್ರಶ್ನೆಗಳಿದ್ದವು. 2013ರಿಂದ 2017ರವರೆಗೆ ಟೊರೊಂಟೊ ಪೊಲೀಸರ ಗುಂಡಿಗೆ ಬಲಿಯಾಗುವ ಸಂಭವ ಬಿಳಿಯರಿಗಿಂತ ಕಪ್ಪು ಜನರಿಗೆ ಸುಮಾರು 20 ಪಟ್ಟು ಹೆಚ್ಚಿತ್ತೆಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗವೇ 2018ರಲ್ಲಿ ಹೇಳಿರುವಾಗ, ಅಂಥ ಅರ್ಜಿಯನ್ನು ಕೈಗಿತ್ತು ಮನಸ್ಸು ಬಿಚ್ಚಿ ಮಾತಾಡು ಎಂದರೆ ಯಾವ ಹುಡುಗ ಮಾತಾಡಿಯಾನು?

ಅದೇ ಅರ್ಜಿಯಲ್ಲಿ ಮನೆಯವರ ವಿವರಕ್ಕೆ ತಂದೆ, ತಾಯಿ ಎಂಬ ಎರಡೇ ಸಾಲುಗಳು. ಕೆರಿಬಿಯನ್ ಕುಟುಂಬಗಳಲ್ಲಿ ತಾಯಿ ಮೊದಲು ದುಡಿಯಲು ಕೆನಡಾಕ್ಕೆ ಬಂದು, ಊರಲ್ಲಿ ಅಜ್ಜಿಯ ಬಳಿ ಬೆಳೆದ ಮಕ್ಕಳನ್ನು ಎಷ್ಟೋ ವರ್ಷಗಳ ಬಳಿಕ ಕರೆಸಿಕೊಳ್ಳುವುದು, 1955ರಲ್ಲಿ ಮನೆಗೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆತಂದ ಸರ್ಕಾರಿ ಯೋಜನೆಯ ಕಾಲದಿಂದಲೂ ನಡೆದುಬಂದಿದೆ. ಒಬ್ಬ ಹುಡುಗಿ ಆ ಎರಡೂ ಸಾಲುಗಳನ್ನು ಖಾಲಿ ಬಿಟ್ಟು ಅಂಚಿನಲ್ಲಿ ಅಜ್ಜಿಯ ಹೆಸರು ಬರೆದಿದ್ದಳು. ಸ್ವಾಗತ ಮೇಜಿನಲ್ಲಿದ್ದವರು ಅರ್ಜಿ ಅಪೂರ್ಣವೆಂದು ಹಿಂತಿರುಗಿಸಿದರು. ಅವಳು ಮತ್ತೆ ಬರಲಿಲ್ಲ. ಅವರನ್ನು ದೂರಲಾರೆ. ಮೇಜನ್ನು ಮುಚ್ಚಲಾಗದು, ಕಾವಲುಗಾರ ಗುತ್ತಿಗೆಯವನು, ತರಬೇತಿಯ ಹೊತ್ತಿಗೆ ಅವನ ಸಂಬಳ ಯಾರು ಕೊಡುವುದು ಎಂದೆಲ್ಲ ಲೆಕ್ಕ ಹಾಕಿ ಇಬ್ಬರನ್ನೂ ಹೊರಗಿಟ್ಟವನು ನಾನೇ. ಮಕ್ಕಳು ಮೊದಲು ಕಾಣುವುದು ಅವರಿಬ್ಬರನ್ನೇ ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಆದ್ದರಿಂದ ಎರಡು ದಿನಗಳ ಕೋರ್ಸನ್ನು ಸದ್ಯಕ್ಕೆ ಬಿಡಿ. ಮೊದಲು ಅರ್ಜಿಯನ್ನು ತಿದ್ದಿ. 16 ವರ್ಷದೊಳಗಿನವರಿಗೆ ಹಾನಿಯಾಗುತ್ತಿದೆ ಎಂಬ ಅನುಮಾನ ಬಂದರೆ ಮಕ್ಕಳ ರಕ್ಷಣಾ ಸಂಸ್ಥೆಗೆ ವರದಿ ಮಾಡಲೇಬೇಕೆಂಬುದು ಒಂಟಾರಿಯೊ ಕಾನೂನು. ಅದನ್ನು ಮಾತು ಆರಂಭವಾಗುವ ಮೊದಲೇ ಅವರಿಗೆ ತಿಳಿಸಲು ಎಲ್ಲರಿಗೂ ಕಲಿಸಿ. ಹದಿಹರೆಯದಲ್ಲಿ ಖಿನ್ನತೆ ಸಿಡುಕಾಗಿಯೂ ಕಾಣಿಸುತ್ತದೆ, ಆದರೆ ಕಪ್ಪು ಹುಡುಗನ ಸಿಡುಕನ್ನು ಅಶಿಸ್ತೆಂದು ಬಗೆಯುವವರೇ ಹೆಚ್ಚು. ಇದನ್ನು ಕಾವಲುಗಾರನೂ ತಿಳಿದಿರಬೇಕು. 1991ರ ಅಂತರ್ಯುದ್ಧದ ಬಳಿಕ ಬಂದ ಸೊಮಾಲಿ ಕುಟುಂಬದ ಮಗನಿಗೂ ಜಮೈಕಾದ ಚರ್ಚಿನಲ್ಲಿ ಬೆಳೆದವಳಿಗೂ ಒಂದೇ ಪಾಠ ಹೊಂದುವುದಿಲ್ಲ. ಅದಕ್ಕೇ ಆ ಸಮುದಾಯಗಳ ಯುವಜನರನ್ನೇ ಸಂಭಾವನೆ ಕೊಟ್ಟು ಪ್ರತಿ ತಿಂಗಳು ಕರೆಸಿ, ನಿಮ್ಮ ಸಿಬ್ಬಂದಿಯ ಎದುರು ಕೂರಿಸಿ. ಉಚಿತವಾಗಿ ಕರೆಸುವುದಾದರೆ ಬೇಡವೇ ಬೇಡ.