ಕಾಳಿ ನದಿಯಲ್ಲಿ ರಾತ್ರಿ ಗಾಳ ಹಾಕಲು ಎಂಥ ಹೆಡ್‌ಲ್ಯಾಂಪ್ ಕೊಳ್ಳಬೇಕು? ಅದು ಶಿಕಾರಿಗೂ ಆದೀತೇ?

ಲುಮೆನ್ (ದೀಪ ಸೂಸುವ ಬೆಳಕಿನ ಅಳತೆ) ಸಂಖ್ಯೆಗೆ ಮರುಳಾಗಬೇಡಿ. ಗಾಳಕ್ಕೆ ಸಿಗಡಿ ಚುಚ್ಚಲು, ದಾರದ ಸಿಕ್ಕು ಬಿಡಿಸಲು 100 ಲುಮೆನ್ ಧಾರಾಳ. ಕೆಂಪು ದೀಪವಿದೆಯೇ ನೋಡಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ, ಮಂದ ಕೆಂಪು ಅಷ್ಟಾಗಿ ಕೆಡಿಸುವುದಿಲ್ಲ.

ದೀಪ ಎಷ್ಟು ನೀರು ತಡೆಯುತ್ತದೆ ಎಂಬುದನ್ನು ಐಪಿಎಕ್ಸ್ ಗುರುತು ಹೇಳುತ್ತದೆ. ಐಪಿಎಕ್ಸ್4 ಎಂದರೆ ಎರಚಲಿಗಷ್ಟೇ ರಕ್ಷಣೆ. ದೋಣಿಯಿಂದ ಬಗ್ಗಿದಾಗ ದೀಪ ಜಾರಿ ನೀರಿಗೆ ಬೀಳುವುದುಂಟು, ಹಾಗಾಗಿ ಐಪಿಎಕ್ಸ್7 ಇರಲಿ. ಒಂದು ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. ಆದರೆ ಆ ಪರೀಕ್ಷೆ ಸಿಹಿನೀರಿನದು, ಕಾಳಿ ಸಮುದ್ರ ಸೇರುವ ಕಾರವಾರದ ಅಳಿವೆಯ ನೀರು ಉಪ್ಪು. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು ಒರೆಸದಿದ್ದರೆ ಚಾರ್ಜಿಂಗ್ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ.

ಶಿಕಾರಿಗೂ ಆದೀತೇ ಎಂದು ಕೇಳಿದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಆ ಯೋಚನೆ ಬಿಡಿ.