‘ಹೆಟೆರೊ’ ಎಂದು ಆರಂಭವಾಗುವ ಜೀವಶಾಸ್ತ್ರದ ಪದಗಳ ಅರ್ಥವೇನು?

ಗ್ರೀಕಿನ ‘ಹೆಟೆರೋಸ್’ ಎಂದರೆ ಬೇರೆ, ಭಿನ್ನ. ಆದರೆ ಯಾವುದು ಯಾವುದರಿಂದ ಭಿನ್ನ ಎಂಬುದನ್ನು ಪದದ ಉಳಿದ ಭಾಗವೇ ಹೇಳಬೇಕು. ಹೆಟೆರೊಜೈಗಸ್ ಎಂದಾಗ ಒಂದೇ ಜೀನಿನ ಎರಡು ಪ್ರತಿಗಳು ಬೇರೆ ಬೇರೆ ರೂಪದಲ್ಲಿರುತ್ತವೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರ ತಾಳುವ ಸಿಕಲ್ ಸೆಲ್ ರಕ್ತಹೀನತೆಯ ಜೀನನ್ನು ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಪಡೆದವರು ಈ ಬಗೆಯ ವಾಹಕರಾಗಿದ್ದು, ಸಾಮಾನ್ಯವಾಗಿ ರೋಗಲಕ್ಷಣಗಳಿಲ್ಲದೆ ಬದುಕುವುದಷ್ಟೇ ಅಲ್ಲದೆ, ತೀವ್ರ ಮಲೇರಿಯಾದಿಂದಲೂ (ಇದೇ ಇದರ ವೈಚಿತ್ರ್ಯ) ಬಹುಮಟ್ಟಿಗೆ ರಕ್ಷಣೆ ಪಡೆಯುತ್ತಾರೆ. ಆದರೆ ದಂಪತಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇ. 25ರಷ್ಟಿರುತ್ತದೆ. ಹೆಟೆರೊಕ್ರೋಮಿಯಾ ಎಂದರೆ ಒಬ್ಬರದೇ ಎರಡು ಕಣ್ಣುಗಳ ಬಣ್ಣ ಬೇರೆ ಬೇರೆಯಾಗಿರುವುದು. ಹೆಟೆರೊಟ್ರೋಫ್ ಎಂದರೆ ಪರಪೋಷಿ, ಅಂದರೆ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳದೆ ಬೇರೆ ಜೀವಿಗಳನ್ನು ಅವಲಂಬಿಸುವ ಜೀವಿ. ಅಮೆರಿಕದ ತಳಿವಿಜ್ಞಾನಿ ಜಾರ್ಜ್ ಶಲ್ 1914ರಲ್ಲಿ ಬಳಕೆಗೆ ತಂದ ಹೆಟೆರೋಸಿಸ್ ಎಂಬುದು ಮಿಶ್ರತಳಿಯಲ್ಲಿ ಕಾಣುವ ಹೆಚ್ಚಿನ ಹುರುಪು. ಎರಡು ಪ್ರಭೇದಗಳ ಸಂಕರದಿಂದ 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಹತ್ತಿ ಅದಕ್ಕೆ ನಮ್ಮದೇ ನಿದರ್ಶನ.